ಇಎಸ್‌ಆರ್ ಸಾಕೇ, ಸಿಆರ್‌ಪಿ ಬೇಕೇ? ಉರಿಯೂತದ ರಕ್ತಪರೀಕ್ಷೆಯನ್ನು ಆರಿಸಿಕೊಳ್ಳುವ ಬಗೆ

ರಕ್ತ ಕೊಡಲು ಬರುವವರ ಕೈಯಲ್ಲಿರುವ ಚೀಟಿಯಲ್ಲಿ ಅನೇಕ ಸಲ ‘ಇಎಸ್‌ಆರ್/ಸಿಆರ್‌ಪಿ’ ಎಂದು ನಡುವೆ ಓರೆಗೆರೆ ಎಳೆದು ಬರೆದಿರುತ್ತದೆ. ಎರಡೂ ದೇಹದೊಳಗಿನ ಉರಿಯೂತವನ್ನು ಹುಡುಕುವ ರಕ್ತಪರೀಕ್ಷೆಗಳು. ಎರಡನ್ನೂ ಮಾಡಿಸಬೇಕೋ, ಒಂದು ಸಾಕೋ ಎಂಬುದು ಆ ಗೆರೆಯಿಂದ ತಿಳಿಯುವುದಿಲ್ಲ. ಬಿಲ್ ಬರೆಯುವವರು ಎರಡರ ದರವನ್ನೂ ಹೇಳುತ್ತಾರೆ. ಕೆಲವರು ಜೇಬು ನೋಡಿಕೊಂಡು ಕಡಿಮೆ ದರದ್ದನ್ನೇ ಮಾಡಿ ಎನ್ನುತ್ತಾರೆ, ಇನ್ನು ಕೆಲವರು ದುಡ್ಡು ಹೆಚ್ಚಿದ್ದರೆ ಪರೀಕ್ಷೆಯೂ ಹೆಚ್ಚಿನದೇ ಇರಬೇಕೆಂದು ದುಬಾರಿಯದನ್ನು ಆರಿಸುತ್ತಾರೆ. ಪ್ರಯೋಗಾಲಯದ ತಂತ್ರಜ್ಞೆಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಕೊಳವೆಗಳ ಮುಂದೆ ಕಳೆದಿರುವ ನನಗೆ, ದರವನ್ನು ನೋಡಿ ಮಾಡುವ ಈ ಎರಡೂ ಬಗೆಯ ಆಯ್ಕೆಗಳಿಂದ ರೋಗಿಗಳಿಗೆ ನಷ್ಟವಾಗುವುದನ್ನು ನೋಡಿ ಸಾಕಾಗಿದೆ. ಆದ್ದರಿಂದ ಈ ಪರೀಕ್ಷೆಗಳು ಏನನ್ನು ಅಳೆಯುತ್ತವೆ, ಎಲ್ಲಿ ನಂಬಿಕೆಗೆ ಅರ್ಹ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಒಂದೆಡೆ ಬರೆದಿಡುತ್ತಿದ್ದೇನೆ. ಇದನ್ನು ಓದಿದವರು ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳುವಂತಾದರೆ ನನ್ನ ಉದ್ದೇಶ ಈಡೇರಿದಂತೆ.

ಹೋಲಿಸುವ ಮೊದಲು ಅಳತೆಗೋಲು ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಮೊದಲನೆಯದು ಕಾಲ: ದೇಹದಲ್ಲಿ ಉರಿಯೂತ ಹುಟ್ಟಿದ ಎಷ್ಟು ಹೊತ್ತಿಗೆ ಪರೀಕ್ಷೆಯಲ್ಲಿ ಅದು ಕಾಣಿಸುತ್ತದೆ, ಶಮನವಾದ ಎಷ್ಟು ದಿನಕ್ಕೆ ಅಂಕಿ ಇಳಿಯುತ್ತದೆ. ಎರಡನೆಯದು ಕಲಬೆರಕೆ: ಉರಿಯೂತವೇ ಇಲ್ಲದಿದ್ದರೂ ಬೇರೆ ಯಾವ ಕಾರಣಗಳು ಆ ಅಂಕಿಯನ್ನು ಏರಿಸುತ್ತವೆ ಅಥವಾ ಇಳಿಸುತ್ತವೆ. ಮೂರನೆಯದು, ನೀವು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ ಎಂಬುದು. ಎರಡು ದಿನದ ಜ್ವರಕ್ಕೆ ಕಾರಣ ಹುಡುಕುವುದು ಒಂದು ಪ್ರಶ್ನೆ, ಐದು ವರ್ಷದ ಸಂಧಿವಾತಕ್ಕೆ ಕೊಡುತ್ತಿರುವ ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಬೇರೆಯೇ ಪ್ರಶ್ನೆ. ನಾಲ್ಕನೆಯದು ನಿಮ್ಮ ಊರಿನಲ್ಲಿ ಏನು ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂಬುದು. ಇವುಗಳಲ್ಲಿ ಮೂರನೆಯದೇ ಮುಖ್ಯವೆಂದು ನನ್ನ ಅಭಿಪ್ರಾಯ. ಆದರೆ ಕೌಂಟರಿನ ಮುಂದೆ ನಿಂತವರು ನಾಲ್ಕನೆಯದರಿಂದಲೇ ಆರಂಭಿಸುತ್ತಾರೆ.

ಇಎಸ್‌ಆರ್ ಎಂದರೆ ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗ. ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಸಪೂರವಾದ ಗಾಜಿನ ಕೊಳವೆಗೆ ತುಂಬಿ, ನೆಟ್ಟಗೆ ನಿಲ್ಲಿಸಿ, ಒಂದು ಗಂಟೆ ಕಾಯುತ್ತೇವೆ. ಮೊದಲ ಹತ್ತು ನಿಮಿಷ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಆ ಹೊತ್ತಿನಲ್ಲಿ ಕಣಗಳು ಹಪ್ಪಳ ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಂಡು ಕಂಬಿಗಳಾಗುತ್ತಿರುತ್ತವೆ. ಮುಂದಿನ ಸುಮಾರು ನಲವತ್ತು ನಿಮಿಷ ಆ ಕಂಬಿಗಳು ಭಾರಕ್ಕೆ ಕೆಳಗಿಳಿಯುತ್ತವೆ, ಕೊನೆಯ ಹತ್ತು ನಿಮಿಷ ತಳದಲ್ಲಿ ಒತ್ತಾಗಿ ಕೂಡುತ್ತವೆ. ಗಂಟೆ ಮುಗಿದಾಗ ಕೊಳವೆಯ ಮೇಲ್ಭಾಗದಲ್ಲಿ ತಿಳಿಹಳದಿ ಬಣ್ಣದ ಪ್ಲಾಸ್ಮಾ ನಿಂತಿರುತ್ತದೆ, ಅದರ ಕೆಳಗೆ ಕಡುಗೆಂಪು. ಆ ಹಳದಿ ಭಾಗದ ಎತ್ತರವೇ ವರದಿಯಲ್ಲಿ ನೀವು ಓದುವ ಮಿಲಿಮೀಟರ್ ಅಂಕಿ.

ಸಾಮಾನ್ಯವಾಗಿ ಕೆಂಪುಕಣಗಳ ಮೈಮೇಲಿನ ಋಣ ವಿದ್ಯುದಂಶ ಅವುಗಳನ್ನು ಪರಸ್ಪರ ದೂರ ತಳ್ಳುತ್ತದೆ. ಉರಿಯೂತದಲ್ಲಿ ಯಕೃತ್ತು ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸುತ್ತದೆ; ಅದು ಮತ್ತು ರೋಗನಿರೋಧಕ ಇಮ್ಯುನೊಗ್ಲಾಬ್ಯುಲಿನ್‌ಗಳು ಆ ದೂರ ತಳ್ಳುವ ಶಕ್ತಿಯನ್ನು ಕುಗ್ಗಿಸಿ, ಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಹೀಗಾಗಿ ಇಎಸ್‌ಆರ್ ಉರಿಯೂತವನ್ನು ನೇರವಾಗಿ ಅಳೆಯುವುದಿಲ್ಲ, ಉರಿಯೂತದಿಂದ ಪ್ಲಾಸ್ಮಾದಲ್ಲಿ ಆದ ಬದಲಾವಣೆಗೆ ಕಣಗಳು ತೋರಿದ ವರ್ತನೆಯನ್ನು ಅಳೆಯುತ್ತದೆ. ಈ ಪರೀಕ್ಷೆಯ ಶಕ್ತಿ, ದೌರ್ಬಲ್ಯಗಳೆರಡೂ ಇಲ್ಲಿಂದಲೇ ಹುಟ್ಟುತ್ತವೆ. ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯರ್ನಾಟ್ಸ್ಕಿ 1897ರಲ್ಲೇ ಈ ಸಂಬಂಧವನ್ನು ಗುರುತಿಸಿದ್ದರು. ಸ್ವೀಡನ್ನಿನ ರಾಬಿನ್ ಫೋರಿಯಸ್ 1918ರಲ್ಲಿ ಗರ್ಭಿಣಿಯರ ರಕ್ತ ಬೇಗ ತಳಕ್ಕಿಳಿಯುವುದನ್ನು ಕಂಡು ಇದನ್ನು ಗರ್ಭಪರೀಕ್ಷೆಯನ್ನಾಗಿ ಬಳಸಬಹುದೆಂದು ಯೋಚಿಸಿದ್ದರು. 1921ರಲ್ಲಿ ಆಲ್ಫ್ ವೆಸ್ಟರ್‌ಗ್ರೆನ್ ಕ್ಷಯರೋಗಿಗಳನ್ನು ಪರೀಕ್ಷಿಸುತ್ತ ರೂಢಿಗೆ ತಂದ ವಿಧಾನವೇ ಇಂದಿಗೂ ಎಲ್ಲ ವಿಧಾನಗಳಿಗೆ ಆಧಾರ.

ಕಾಲದ ಅಳತೆಗೋಲಿನಲ್ಲಿ ಇಎಸ್‌ಆರ್ ನಿಧಾನಿ. ಉರಿಯೂತ ಆರಂಭವಾಗಿ ಒಂದೆರಡು ದಿನವಾದ ಮೇಲೆ ಏರತೊಡಗುತ್ತದೆ. ಫೈಬ್ರಿನೊಜೆನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ದಿನ ಬೇಕಾಗುವುದರಿಂದ, ರೋಗ ವಾಸಿಯಾಗಿ ವಾರಗಳಾದರೂ ಅಂಕಿ ಮೇಲೆಯೇ ಉಳಿದಿರಬಹುದು. ನಿಮೋನಿಯ ಗುಣವಾಗಿ ಮನೆಗೆ ಬಂದವರು ಹತ್ತನೆಯ ದಿನ ಇಎಸ್‌ಆರ್ ಮಾಡಿಸಿ, ಅದು ಇನ್ನೂ ಐವತ್ತರ ಮೇಲಿದೆ ಎಂದು ಗಾಬರಿಯಾಗಿ ಮತ್ತೊಂದು ಆ್ಯಂಟಿಬಯಾಟಿಕ್ ಕೇಳಿ ಪಡೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಐವತ್ತು ಹಿಂದಿನ ವಾರಗಳ ಸುದ್ದಿ ಹೇಳುತ್ತಿರುತ್ತದೆ.

ಎರಡನೆಯ ಅಳತೆಗೋಲಿನಲ್ಲಿ ಇಎಸ್‌ಆರ್ ಇನ್ನೂ ಹಿಂದೆ ಬೀಳುತ್ತದೆ, ಮತ್ತು ನಮ್ಮ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ರಕ್ತಹೀನತೆ ಇದ್ದವರಲ್ಲಿ ಕಣಗಳ ಸಂಖ್ಯೆ ಕಡಿಮೆ, ಪ್ಲಾಸ್ಮಾ ಹೆಚ್ಚು. ಕಣಗಳ ಕಂಬಿಗಳು ತಡೆಯಿಲ್ಲದೆ ಬೇಗ ಇಳಿಯುತ್ತವೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಇಎಸ್‌ಆರ್ ಮಾಡಿಸಿಕೊಳ್ಳಲು ಬರುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಯ ಅಂಕಿ ಯಾವ ಉರಿಯೂತವೂ ಇಲ್ಲದೆ ಏರಿರುವ ಸಾಧ್ಯತೆ ಇದೆ. ಹಿಮೋಗ್ಲೋಬಿನ್ 8 ಇರುವವರ ಇಎಸ್‌ಆರ್ 45 ಎಂದು ಬಂದರೆ, ಮೊದಲು ನೋಡಬೇಕಾದದ್ದು ಹಿಮೋಗ್ಲೋಬಿನನ್ನು. ಸಂಪೂರ್ಣ ರಕ್ತಕಣ ಎಣಿಕೆ, ಅಂದರೆ ಸಿಬಿಸಿ, ಜೊತೆಗಿಲ್ಲದ ಇಎಸ್‌ಆರ್ ವರದಿಯನ್ನು ಓದುವುದು ಕಷ್ಟವೆಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ. ನಿಮ್ಮ ಬಳಿ ಒಂದೇ ಪರೀಕ್ಷೆಗೆ ಹಣವಿದ್ದರೆ, ಇಎಸ್‌ಆರ್ ಬಿಟ್ಟು ಸಿಬಿಸಿ ಮಾಡಿಸಿ ಎಂದೇ ನನ್ನ ಸಲಹೆ.

ಇದರ ಜೊತೆಗೆ ವಯಸ್ಸು, ಗರ್ಭ, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ, ಬೊಜ್ಜು ಇವೆಲ್ಲವೂ ಇಎಸ್‌ಆರ್ ಅನ್ನು ಏರಿಸುತ್ತವೆ. ಗರ್ಭದ ಕೊನೆಯ ತಿಂಗಳುಗಳಲ್ಲಿ 50 ದಾಟುವುದೂ ಸಹಜ. ವಯಸ್ಸಿನ ವಿಷಯದಲ್ಲಿ ಒಂದು ಸರಳ ಲೆಕ್ಕ ಬಹುಕಾಲದಿಂದ ಬಳಕೆಯಲ್ಲಿದೆ: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅದರ ಅರ್ಧ, ಇದು ಸುಮಾರಾಗಿ ಸಹಜತೆಯ ಮೇಲಿನ ಮಿತಿ. 64 ವರ್ಷದ ಅಜ್ಜಿಗೆ ಈ ಲೆಕ್ಕದಲ್ಲಿ 37ರವರೆಗೂ ಸಹಜ. ಆದರೆ ಎಷ್ಟೋ ವರದಿಗಳಲ್ಲಿ ಎಲ್ಲ ವಯಸ್ಸಿನ ಹೆಂಗಸರಿಗೂ ‘0–20’ ಎಂದೇ ಅಚ್ಚಾಗಿರುತ್ತದೆ, ಅಜ್ಜಿಯ 32 ದಪ್ಪಕ್ಷರದಲ್ಲಿ ಮೂಡಿ ಮನೆಮಂದಿಯೆಲ್ಲ ಚಿಂತೆಗೆ ಬೀಳುತ್ತಾರೆ.

ತಪ್ಪಾಗಿ ಕಡಿಮೆ ತೋರಿಸುವ ಸಂದರ್ಭಗಳೂ ಇವೆ, ಅವು ಹೆಚ್ಚು ಅಪಾಯಕಾರಿ. ಕಣಗಳ ಆಕಾರ ಕೆಟ್ಟಿದ್ದರೆ ಅವು ಪೇರಿಕೊಳ್ಳಲಾರವು. ಚಾಮರಾಜನಗರ, ಮೈಸೂರು, ಕೊಡಗು ಭಾಗದ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಲ್ಲಿ ಕಂಡುಬರುವ ಸಿಕಲ್ ಸೆಲ್ ಕಾಯಿಲೆಯಲ್ಲಿ ಕುಡುಗೋಲಿನಾಕಾರದ ಕಣಗಳು ಒಂದರ ಮೇಲೊಂದು ಕೂರುವುದಿಲ್ಲ, ತೀವ್ರ ಸೋಂಕು ಇದ್ದರೂ ಇಎಸ್‌ಆರ್ ತಗ್ಗಿಯೇ ಇರಬಹುದು. ಅಂಥವರಲ್ಲಿ ಇಎಸ್‌ಆರ್ ಅನ್ನು ನೆಚ್ಚಿಕೊಳ್ಳದೆ ಸಿಆರ್‌ಪಿಯನ್ನೇ ಕೇಳಬೇಕು. ಕೆಂಪುಕಣಗಳು ಅತಿಯಾಗಿರುವ ಪಾಲಿಸೈಥೀಮಿಯದಲ್ಲೂ, ಯಕೃತ್ತು ಸೋತು ಫೈಬ್ರಿನೊಜೆನ್ ಇಳಿದವರಲ್ಲೂ ಹೀಗೆಯೇ.

ಇನ್ನು ಕೈತಪ್ಪುಗಳು. ನಾನು ಕೆಲಸ ಕಲಿತ ಒಂದು ಪ್ರಯೋಗಾಲಯದಲ್ಲಿ ಒಂದು ವಾರ ಪೂರ್ತಿ ಬಂದವರೆಲ್ಲರ ಇಎಸ್‌ಆರ್ ತುಸು ಹೆಚ್ಚಾಗಿಯೇ ಬರುತ್ತಿತ್ತು. ಹಿರಿಯರೊಬ್ಬರು ಗಾರೆ ಕೆಲಸದವರಿಂದ ರಸಮಟ್ಟ ತರಿಸಿ ಮೇಜಿನ ಮೇಲಿಟ್ಟರು. ಗುಳ್ಳೆ ಒಂದು ಪಕ್ಕಕ್ಕೆ ಸರಿದು ನಿಂತಿತು. ಮೇಜಿನ ಒಂದು ಕಾಲಿನ ಅಡಿಯ ಹಲಗೆ ಜಾರಿತ್ತು, ಸ್ಟ್ಯಾಂಡು ಕಣ್ಣಿಗೆ ಕಾಣದಷ್ಟು ವಾಲಿತ್ತು. ಅದೇ ಬೆಳಿಗ್ಗೆ ತೆಗೆದ ರಕ್ತವನ್ನು ನೆಟ್ಟಗಿನ ಸ್ಟ್ಯಾಂಡಿನಲ್ಲಿ ಮತ್ತೆ ಇಟ್ಟಾಗ 38 ಬಂದಿದ್ದದ್ದು 29ಕ್ಕೆ ಇಳಿಯಿತು. ವಾಲಿದ ಕೊಳವೆಯಲ್ಲಿ ಕಣಗಳು ಗೋಡೆಗೆ ತಾಗಿ ಜಾರಿ ಬೇಗ ಇಳಿಯುತ್ತವೆ ಎಂಬುದನ್ನು ಬಾಯ್ಕಾಟ್ ಎಂಬ ರೋಗಶಾಸ್ತ್ರಜ್ಞರು 1920ರಲ್ಲೇ ಬರೆದಿದ್ದರು. ಮೂರು ಡಿಗ್ರಿ ವಾಲಿದರೂ ಅಂಕಿ ಶೇಕಡ 30ರಷ್ಟು ಏರಬಹುದು. ಕೋಣೆಯ ಉಷ್ಣತೆ 18ರಿಂದ 25 ಡಿಗ್ರಿಯೊಳಗೆ ಇರಬೇಕೆಂಬುದು ನಿಯಮ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಅದನ್ನು ಪಾಲಿಸುವುದು ಸಾಧ್ಯವೇ ಇಲ್ಲ, ಸೆಕೆಯಲ್ಲಿ ಕಣಗಳು ಬೇಗ ಇಳಿಯುತ್ತವೆ. ರಕ್ತ ತೆಗೆದು ಹೊರಗೇ ಇಟ್ಟಿದ್ದರೆ ನಾಲ್ಕು ಗಂಟೆಯೊಳಗೆ ಪರೀಕ್ಷೆ ಆರಂಭವಾಗಬೇಕು. ಹಳ್ಳಿಯಲ್ಲಿ ಬೆಳಿಗ್ಗೆ ಸಂಗ್ರಹಿಸಿ ಸಂಜೆ ಬಸ್ಸಿನಲ್ಲಿ ನಗರಕ್ಕೆ ಕಳುಹಿಸಿದ ರಕ್ತದ ಇಎಸ್‌ಆರ್ ಅನ್ನು ನಾನು ನಂಬುವುದಿಲ್ಲ.

ಇಷ್ಟೆಲ್ಲ ದೋಷ ಹೇಳಿದ ಮೇಲೂ ಇಎಸ್‌ಆರ್ ಅನ್ನು ನಾನು ಬಿಟ್ಟುಕೊಡಲಾರೆ. ವಿದ್ಯುತ್ ಕೈಕೊಟ್ಟ ಊರಿನಲ್ಲೂ ಒಂದು ಕೊಳವೆ, ಒಂದು ಸ್ಟ್ಯಾಂಡು, ಒಂದು ಗಡಿಯಾರದಿಂದ ಮಾಡಬಹುದಾದ ಪರೀಕ್ಷೆ ಇದು. ತಿಂಗಳುಗಟ್ಟಲೆ ಎಳೆಯುವ ಕಾಯಿಲೆಗಳಲ್ಲಿ ಅದರ ನಿಧಾನಗುಣವೇ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ದಿನದಿನದ ಏರಿಳಿತ ಅದನ್ನು ಅಲುಗಿಸುವುದಿಲ್ಲ. ಅಂಕಿ 100 ದಾಟಿದರೆ ಅದನ್ನು ಯಾರೂ ಕಡೆಗಣಿಸುವಂತಿಲ್ಲ: ಗಂಭೀರ ಸೋಂಕು, ಕ್ಷಯ, ರಕ್ತನಾಳಗಳ ಉರಿಯೂತ, ಕ್ಯಾನ್ಸರ್ ಇವುಗಳಲ್ಲಿ ಯಾವುದಾದರೂ ಒಂದು ಹಿಂದೆ ಇರುವ ಸಾಧ್ಯತೆ ಬಲವಾಗಿರುತ್ತದೆ.

ಈಗ ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ನ್ಯೂಮೊಕಾಕಸ್ ಬ್ಯಾಕ್ಟೀರಿಯದ ‘ಸಿ’ ಎಂಬ ಅಂಶಕ್ಕೆ ಅಂಟಿಕೊಳ್ಳುವ ಪ್ರೋಟೀನೊಂದು ನಿಮೋನಿಯ ರೋಗಿಗಳ ರಕ್ತದಲ್ಲಿದೆಯೆಂದು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಕಂಡರು. ಹೆಸರು ಅಲ್ಲಿಂದ ಬಂತು. ಇದನ್ನೂ ಯಕೃತ್ತೇ ಮಾಡುತ್ತದೆ. ಉರಿಯೂತ ಆರಂಭವಾದ ನಾಲ್ಕರಿಂದ ಆರು ಗಂಟೆಯೊಳಗೆ ಏರತೊಡಗಿ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ನಿಂತುಹೋದರೆ 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಎರಡು ಮೂರು ದಿನದಲ್ಲಿ ತಿಳಿಯಬೇಕಾದರೆ ಸಿಆರ್‌ಪಿಯೇ ದಾರಿ, ಇಎಸ್‌ಆರ್‌ನಿಂದ ಅದು ಆಗದು. ರಕ್ತಹೀನತೆ, ಕಣಗಳ ಆಕಾರ, ಮೇಜಿನ ವಾಲಿಕೆ ಇವು ಯಾವುವೂ ಇದನ್ನು ತಟ್ಟುವುದಿಲ್ಲ, ಮತ್ತು ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ ದ್ರವವಾದ ಸೀರಮ್ ಬೇರ್ಪಡಿಸಿಟ್ಟರೆ ದೂರದ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅಮೆರಿಕದ ಕ್ಲಿನಿಕಲ್ ಪೆಥಾಲಜಿ ಸಂಘವು, ರೋಗ ಇನ್ನೂ ಪತ್ತೆಯಾಗದವರಲ್ಲಿ ಉರಿಯೂತವನ್ನು ಹುಡುಕಲು ಇಎಸ್‌ಆರ್ ಬದಲು ಸಿಆರ್‌ಪಿ ಮಾಡಿಸಬೇಕೆಂದು ವೈದ್ಯರಿಗೆ ಸೂಚಿಸಿರುವುದು ಈ ಕಾರಣಗಳಿಂದಲೇ.

ಸಿಆರ್‌ಪಿ ಮಾಡಿಸುವವರು ಎಡವುವ ಮೂರು ಕಡೆಗಳಿವೆ. ಮೊದಲನೆಯದು, ಸಣ್ಣ ಪ್ರಯೋಗಾಲಯಗಳಲ್ಲಿ ಗಾಜಿನ ಪಟ್ಟಿಯ ಮೇಲೆ ಲೇಟೆಕ್ಸ್ ಹನಿ ಬೆರೆಸಿ ನೋಡುವ ವಿಧಾನ. ಅದರಲ್ಲಿ ಬಿಳಿಯ ಹರಳುಹರಳಾದ ಗಂಟುಗಳು ಕಂಡರೆ ‘ಪಾಸಿಟಿವ್’, ಇಲ್ಲದಿದ್ದರೆ ‘ನೆಗೆಟಿವ್’ ಎಂದಷ್ಟೇ ಬರೆಯುತ್ತಾರೆ. 8 ಇದ್ದರೂ ಪಾಸಿಟಿವ್, 180 ಇದ್ದರೂ ಪಾಸಿಟಿವ್. ಚಿಕಿತ್ಸೆಗೆ ಇವೆರಡರ ನಡುವಿನ ಅಂತರ ಆಕಾಶ ಭೂಮಿಯಷ್ಟು. ಸಿಆರ್‌ಪಿ ಬಹಳ ಹೆಚ್ಚಿದ್ದಾಗ, ರಕ್ತದ ಸೀರಮ್ಮನ್ನು ತೆಳು ಮಾಡದೆ ನೋಡಿದರೆ, ಗಂಟುಗಳೇ ಮೂಡದೆ ನೆಗೆಟಿವ್ ಎಂದು ಬರುವುದೂ ಉಂಟು. ಅಂಕಿ ಕೊಡುವ ಪರೀಕ್ಷೆಯನ್ನೇ ಕೇಳಿ. ಎರಡನೆಯದು ಮಾಪನದ ಗೊಂದಲ. ಒಂದು ವರದಿಯಲ್ಲಿ ಲೀಟರಿಗೆ 12 ಮಿಲಿಗ್ರಾಂ ಎಂದಿದ್ದರೆ, ಇನ್ನೊಂದರಲ್ಲಿ ಡೆಸಿಲೀಟರಿಗೆ 1.2 ಎಂದಿರುತ್ತದೆ, ಎರಡೂ ಒಂದೇ. ಮಾಪನ ನೋಡದೆ ಹೋಲಿಸಿ, ಹತ್ತು ಪಟ್ಟು ಇಳಿಯಿತೆಂದು ಸಂತೋಷಪಟ್ಟು ಮಾತ್ರೆ ನಿಲ್ಲಿಸಿದವರನ್ನು ನಾನು ಬಲ್ಲೆ. ಮೂರನೆಯದು, ‘ಹೆಚ್‌ಎಸ್-ಸಿಆರ್‌ಪಿ’ ಎಂಬ ಹೆಸರಿನ ದುಬಾರಿ ಪರೀಕ್ಷೆ. ಅದು ಹೃದಯಾಘಾತದ ಮುಂದಿನ ಸಾಧ್ಯತೆಯನ್ನು ಅಂದಾಜಿಸಲು, ಲೀಟರಿಗೆ 1ಕ್ಕಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು ಎಂಬ ಸೂಕ್ಷ್ಮ ಮಟ್ಟಗಳನ್ನು ನೋಡುವುದಕ್ಕಾಗಿ ಇರುವುದು. ಜ್ವರಕ್ಕೋ ಕೀಲುನೋವಿಗೋ ಅದರ ಅಗತ್ಯವಿಲ್ಲ, ನೆಗಡಿ ಇರುವಾಗ ಹೃದಯಕ್ಕಾಗಿ ಅದನ್ನು ಮಾಡಿಸುವುದೂ ವ್ಯರ್ಥ.

ಸಾಮಾನ್ಯ ಸಿಆರ್‌ಪಿ ಲೀಟರಿಗೆ 5 ಅಥವಾ 10 ಮಿಲಿಗ್ರಾಂ ಒಳಗಿದ್ದರೆ ಸಹಜವೆಂದು ಪ್ರಯೋಗಾಲಯಗಳು ಬರೆಯುತ್ತವೆ. 100 ದಾಟಿದಾಗ ಬ್ಯಾಕ್ಟೀರಿಯ ಸೋಂಕಿನ ಶಂಕೆ ಬಲವಾಗುತ್ತದೆ. ವೈರಸ್ ಜ್ವರಗಳಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲವಾದರೂ ನಡುವಿನ ಅಂಕಿಗಳಲ್ಲಿ ಎರಡೂ ಬೆರೆತುಹೋಗುತ್ತವೆ, ಆದ್ದರಿಂದ ಸಿಆರ್‌ಪಿ 40 ಎಂಬ ಒಂದೇ ಆಧಾರದ ಮೇಲೆ ಆ್ಯಂಟಿಬಯಾಟಿಕ್ ಆರಂಭಿಸುವುದು ಸರಿಯಲ್ಲ. ಯಕೃತ್ತು ತೀರ ಸೋತವರಲ್ಲಿ ಸಿಆರ್‌ಪಿಯೂ ಏರಲಾರದು. ಸಂಧಿವಾತಕ್ಕೆ ಟೋಸಿಲಿಝುಮ್ಯಾಬ್ ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿ, ಸಿಆರ್‌ಪಿ ಹುಟ್ಟಿಸುವ ಸಂಕೇತವನ್ನೇ ಔಷಧ ತಡೆಯುವುದರಿಂದ, ಒಳಗೆ ಸೋಂಕು ಬೆಳೆಯುತ್ತಿದ್ದರೂ ಸಿಆರ್‌ಪಿ, ಇಎಸ್‌ಆರ್ ಎರಡೂ ಸಹಜವಾಗಿರಬಹುದು; ಅಂಥವರು ಜ್ವರ ಬಂದರೆ ವರದಿಯ ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳದೆ ವೈದ್ಯರನ್ನು ಕಾಣಬೇಕು.

ಹಾಗಾದರೆ ಎರಡನ್ನೂ ಮಾಡಿಸುವುದು ಯಾವಾಗ ಸಾರ್ಥಕ? ಎರಡರ ನಡುವಿನ ಭಿನ್ನಾಭಿಪ್ರಾಯವೇ ಮಾಹಿತಿಯಾಗುವ ಕಾಯಿಲೆಗಳಲ್ಲಿ ಎಂಬುದು ನನ್ನ ಉತ್ತರ. ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ರೋಗಿಗಳಲ್ಲಿ ಕಾಯಿಲೆ ಕೆರಳಿದಾಗ ಇಎಸ್‌ಆರ್ ಏರುತ್ತದೆ, ಸಿಆರ್‌ಪಿ ಅನೇಕ ಸಲ ಅಷ್ಟಾಗಿ ಏರುವುದಿಲ್ಲ. ಅಂಥವರಲ್ಲಿ ಸಿಆರ್‌ಪಿ ಒಮ್ಮೆಲೇ ಜಿಗಿದರೆ, ಇದು ಲೂಪಸ್ ಕೆರಳಿಕೆಯೋ ಅಥವಾ ಸೋಂಕು ತಗುಲಿದೆಯೋ ಎಂದು ವೈದ್ಯರು ಎಚ್ಚರಗೊಳ್ಳುತ್ತಾರೆ. ಎರಡಕ್ಕೂ ಚಿಕಿತ್ಸೆ ಪರಸ್ಪರ ವಿರುದ್ಧ ದಿಕ್ಕಿನದು, ಆದ್ದರಿಂದ ಇಲ್ಲಿ ಎರಡನೆಯ ಪರೀಕ್ಷೆಯ ಹಣ ವ್ಯರ್ಥವಲ್ಲ. ವಯಸ್ಸಾದವರಲ್ಲಿ ಇಎಸ್‌ಆರ್ 100ರ ಆಚೆ, ಸಿಆರ್‌ಪಿ ಸಹಜ, ಜೊತೆಗೆ ಬೆನ್ನುಮೂಳೆ ನೋವು ಮತ್ತು ರಕ್ತಹೀನತೆ ಇದ್ದರೆ ಮಲ್ಟಿಪಲ್ ಮಯಲೋಮವನ್ನು ನೆನೆಯಬೇಕು: ಮಜ್ಜೆಯ ಆ ಕ್ಯಾನ್ಸರಿನಲ್ಲಿ ರಕ್ತಕ್ಕೆ ಸೇರುವ ಅತಿಯಾದ ಇಮ್ಯುನೊಗ್ಲಾಬ್ಯುಲಿನ್ ಕಣಗಳನ್ನು ಪೇರಿಸುತ್ತದೆ, ಉರಿಯೂತದ ಸಂಕೇತ ಮಾತ್ರ ಇರುವುದಿಲ್ಲ. ಅಲ್ಲಿಂದ ಮುಂದಿನ ಹೆಜ್ಜೆ, ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಸೀರಮ್ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್ ಪರೀಕ್ಷೆ. ಬರೀ ಸಿಆರ್‌ಪಿ ಮಾಡಿಸಿದ್ದರೆ ಈ ಸುಳಿವೇ ಸಿಗುತ್ತಿರಲಿಲ್ಲ. ಮೂರನೆಯ ಸಂದರ್ಭ ಐವತ್ತು ದಾಟಿದವರ ಹೊಸ ತಲೆನೋವು: ಕಣತಲೆ ಮುಟ್ಟಿದರೆ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಕಣತಲೆಯ ರಕ್ತನಾಳದ ಉರಿಯೂತವಿರಬಹುದು. ನಮ್ಮಲ್ಲಿ ಅಪರೂಪವಾದರೂ ದೃಷ್ಟಿಯನ್ನೇ ಕಸಿಯಬಲ್ಲ ಈ ಕಾಯಿಲೆಯಲ್ಲಿ ಎರಡೂ ಪರೀಕ್ಷೆಗಳನ್ನು ಅದೇ ದಿನ ಮಾಡಿಸುತ್ತಾರೆ, ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸುವುದೂ ಉಂಟು.

ಗಂಟಲು ಸೋಂಕಿನ ನಂತರ ಬಂದು ಹೃದಯವನ್ನು ಕೆಡಿಸಬಲ್ಲ, ಮಕ್ಕಳ ರುಮಾಟಿಕ್ ಜ್ವರದ ವಿಷಯ ಬೇರೆ. ಇದನ್ನು ಗುರುತಿಸಲು ವೈದ್ಯರು ಬಳಸುವ, 2015ರಲ್ಲಿ ಪರಿಷ್ಕೃತವಾದ ಜೋನ್ಸ್ ಮಾನದಂಡಗಳಲ್ಲಿ, ಈ ಕಾಯಿಲೆ ಹೆಚ್ಚಾಗಿರುವ ಜನಸಮುದಾಯಗಳಿಗೆ ಇಎಸ್‌ಆರ್ 30 ಅಥವಾ ಹೆಚ್ಚು, ಇಲ್ಲವೇ ಸಿಆರ್‌ಪಿ ಲೀಟರಿಗೆ 30 ಮಿಲಿಗ್ರಾಂ ಅಥವಾ ಹೆಚ್ಚು, ಇವುಗಳಲ್ಲಿ ಒಂದಿದ್ದರೆ ಒಂದು ಉಪಲಕ್ಷಣವೆಂದು ಎಣಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಎಸ್‌ಆರ್ ಮಾತ್ರ ಸಿಗುತ್ತದೆಯೆಂದು ಹಿಂಜರಿಯಬೇಕಾದ ಅಗತ್ಯ ಇಲ್ಲಿಲ್ಲ. ಮಗುವಿನ ಹೃದಯ ಉಳಿಯುವುದು ಬೇಗ ಗುರುತಿಸುವುದರಲ್ಲಿದೆ.

ಕ್ಷಯರೋಗದ ಬಗ್ಗೆ ಒತ್ತಿ ಹೇಳಲೇಬೇಕು. ವೆಸ್ಟರ್‌ಗ್ರೆನ್ ಕಾಲದಿಂದಲೂ ಇಎಸ್‌ಆರ್‌ಗೂ ಟಿಬಿಗೂ ನಂಟು ಬೆಳೆದು, ‘ಇಎಸ್‌ಆರ್ ಜಾಸ್ತಿ ಇದೆಯಂತೆ, ಟಿಬಿ ಇರಬಹುದು’ ಎಂಬ ಮಾತು ಇಂದಿಗೂ ಊರಲ್ಲಿ ಓಡಾಡುತ್ತದೆ. ಇಎಸ್‌ಆರ್ ಏರಿದ ಮಾತ್ರಕ್ಕೆ ಟಿಬಿ ಎಂದಾಗುವುದಿಲ್ಲ, ಸಹಜವಾಗಿದ್ದರೆ ಟಿಬಿ ಇಲ್ಲವೆಂದೂ ಆಗುವುದಿಲ್ಲ. ಎರಡು ವಾರ ಮೀರಿದ ಕೆಮ್ಮಿದ್ದರೆ ಬೇಕಾದದ್ದು ಕಫದ ಪರೀಕ್ಷೆ. ಕಫದಲ್ಲಿ ಕ್ಷಯದ ರೋಗಾಣುವಿನ ಜೀನನ್ನು ಹುಡುಕುವ ಸಿಬಿನ್ಯಾಟ್, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಕೆಲಸದಿಂದ ರೂಪುಗೊಂಡ ಟ್ರೂನ್ಯಾಟ್, ಇವು ಸರ್ಕಾರದ ಕ್ಷಯ ನಿರ್ಮೂಲನ ಕಾರ್ಯಕ್ರಮದಡಿ ಉಚಿತ. ಖಾಸಗಿಯಾಗಿ ಇಎಸ್‌ಆರ್ ಮೇಲೆ ಇಎಸ್‌ಆರ್ ಮಾಡಿಸಿ ತಿಂಗಳು ಕಳೆಯುವುದು ಬೇಡ.

ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ರಕ್ತಪರೀಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬ್ಯಾಕ್ಟೀರಿಯ ಸೋಂಕಿನಲ್ಲಿ ಕೆಲವೇ ಗಂಟೆಗಳಲ್ಲಿ ಏರುವ ಇದು, ಐಸಿಯುನಲ್ಲಿರುವವರಲ್ಲಿ ಆ್ಯಂಟಿಬಯಾಟಿಕ್ ಯಾವಾಗ ನಿಲ್ಲಿಸಬಹುದೆಂದು ತೀರ್ಮಾನಿಸಲು ನಿಜವಾಗಿ ನೆರವಾಗುತ್ತದೆ. ತುದಿಯಿಂದ ಶೇಕಡ 80 ಇಳಿದರೆ ಅಥವಾ ಮಿಲಿಲೀಟರಿಗೆ 0.5 ನ್ಯಾನೋಗ್ರಾಂಗಿಂತ ಕಡಿಮೆಯಾದರೆ ನಿಲ್ಲಿಸುವುದನ್ನು ಯೋಚಿಸುತ್ತಾರೆ. ದರ ಸಾವಿರಗಳಲ್ಲಿದೆ. ಮನೆಯಲ್ಲಿ ನಡೆದಾಡಿಕೊಂಡಿರುವ ಜ್ವರದ ರೋಗಿಗೆ ಇದನ್ನು ಬರೆದುಕೊಟ್ಟರೆ ಏಕೆಂದು ಕೇಳುವ ಹಕ್ಕು ನಿಮಗಿದೆ. ಹೊಟ್ಟೆನೋವು, ಭೇದಿ ತಿಂಗಳುಗಟ್ಟಲೆ ಕಾಡುತ್ತಿದ್ದರೆ ರಕ್ತದ ಈ ಎಲ್ಲ ಪರೀಕ್ಷೆಗಳಿಗಿಂತ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಕರುಳಿನ ಉರಿಯೂತವನ್ನು ಚೆನ್ನಾಗಿ ಹೇಳುತ್ತದೆ. ಫೆರಿಟಿನ್ ಕಬ್ಬಿಣದ ಸಂಗ್ರಹವನ್ನು ತೋರಿಸುವ ಪರೀಕ್ಷೆಯಾದರೂ ಉರಿಯೂತದಲ್ಲಿ ತಾನೂ ಏರುತ್ತದೆ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಲ್ಲಿ ಕಬ್ಬಿಣದ ಕೊರತೆಯ ಮಿತಿಯನ್ನು ಆರೋಗ್ಯವಂತರಿಗೆ ಲೀಟರಿಗೆ 15 ಮೈಕ್ರೋಗ್ರಾಂ, ಉರಿಯೂತ ಇರುವವರಿಗೆ 70 ಎಂದು ಬೇರೆಬೇರೆಯಾಗಿ ಇಟ್ಟಿದೆ. ರಕ್ತಹೀನತೆಯ ಕಾರಣ ಹುಡುಕಲು ಫೆರಿಟಿನ್ ಮಾಡಿಸುವವರು ಜೊತೆಗೆ ಸಿಆರ್‌ಪಿ ಮಾಡಿಸಿದರೆ ಒಳ್ಳೆಯದು.

ಹಣದ ಲೆಕ್ಕಕ್ಕೆ ಬಂದರೆ, ಖಾಸಗಿ ಪ್ರಯೋಗಾಲಯಗಳಲ್ಲಿ ಇಎಸ್‌ಆರ್‌ಗೆ ಸಾಮಾನ್ಯವಾಗಿ ನೂರರ ಆಸುಪಾಸು, ಅಂಕಿ ಕೊಡುವ ಸಿಆರ್‌ಪಿಗೆ ಕೆಲವು ನೂರು ರೂಪಾಯಿ ಆಗುತ್ತದೆ, ಊರಿಂದೂರಿಗೆ ವ್ಯತ್ಯಾಸವಿದೆ. ಮೂರು ನಾಲ್ಕು ದಿನದ ಜ್ವರಕ್ಕೆ ಸಿಬಿಸಿ ಮತ್ತು ಸಿಆರ್‌ಪಿ ಸಾಕು, ಇಎಸ್‌ಆರ್ ಏನನ್ನೂ ಸೇರಿಸುವುದಿಲ್ಲ. ಕೈ ಬಿಗಿಯಾಗಿದ್ದರೆ ಸಿಬಿಸಿ ಮಾತ್ರ ಮಾಡಿಸಿ, ಎರಡು ದಿನದ ನಂತರ ಬೇಕೆನಿಸಿದರೆ ಸಿಆರ್‌ಪಿ ನೋಡಬಹುದು. ಬೆಳಿಗ್ಗೆ ಎದ್ದಾಗ ಕೈಬೆರಳುಗಳು ಬಿಗಿದು ಒಂದು ಗಂಟೆ ಸಡಿಲಗೊಳ್ಳದಿದ್ದರೆ, ಅದು ಆರು ವಾರ ಮೀರಿದ್ದರೆ, ಮೊದಲ ಸಲ ಎರಡನ್ನೂ ಮಾಡಿಸಿಕೊಳ್ಳಿ. ಚಿಕೂನ್‌ಗುನ್ಯ ಬಂದು ಹೋದ ಮೇಲಿನ ಕೀಲುನೋವಿಗೂ ಇದೇ ಮಾತು. ಆದರೆ ಅಂಕಿಗಳು ಸಹಜವಾಗಿವೆಯೆಂದು ಸಂಧಿವಾತ ಇಲ್ಲವೆಂದುಕೊಳ್ಳಬೇಡಿ, ಕೀಲು ಊದಿಕೊಂಡಿರುವ ಗಣನೀಯ ಸಂಖ್ಯೆಯ ರೋಗಿಗಳಲ್ಲಿ ಎರಡೂ ಸಹಜವಾಗಿರುತ್ತವೆ. ಕಾಯಿಲೆ ಖಚಿತವಾದ ಮೇಲೆ ವೈದ್ಯರು ಅದರ ತೀವ್ರತೆಯನ್ನು ತೋರಿಸುವ ಡಿಎಎಸ್-28 ಎಂಬ ಅಂಕವನ್ನು ಇಎಸ್‌ಆರ್‌ನಿಂದಲೋ ಸಿಆರ್‌ಪಿಯಿಂದಲೋ ಲೆಕ್ಕಹಾಕುತ್ತಾರೆ. ಎರಡರಿಂದ ಬರುವ ಅಂಕ ಒಂದೇ ಅಲ್ಲ, ಸಿಆರ್‌ಪಿಯಿಂದ ಬಂದದ್ದು ಸಾಮಾನ್ಯವಾಗಿ ತುಸು ಕಡಿಮೆ. ಹೋದ ಸಲ ಒಂದು, ಈ ಸಲ ಇನ್ನೊಂದು ಮಾಡಿಸಿದರೆ ಔಷಧದಿಂದ ಗುಣ ಕಂಡಿತೆಂಬ ಭ್ರಮೆ ಹುಟ್ಟುತ್ತದೆ. ವೈದ್ಯರು ಯಾವುದರಲ್ಲಿ ಆರಂಭಿಸಿದರೋ ಅದನ್ನೇ ಮುಂದುವರಿಸಿ. ಡಯಾಲಿಸಿಸ್‌ನಲ್ಲಿರುವವರು, ಗರ್ಭಿಣಿಯರು, ರಕ್ತಹೀನತೆ ಇರುವವರು ಇಎಸ್‌ಆರ್‌ಗೆ ಹಣ ಕೊಡುವ ಬದಲು ಸಿಆರ್‌ಪಿಗೆ ಕೊಡುವುದು ಮೇಲು. ಇನ್ನು ‘ಸುಮ್ಮನೆ ಒಂದು ಸಲ ನೋಡೋಣ’ ಎಂದು ಯಾವ ತೊಂದರೆಯೂ ಇಲ್ಲದವರು ವಾರ್ಷಿಕ ಪ್ಯಾಕೇಜಿನಲ್ಲಿ ಇವುಗಳನ್ನು ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ತುಸು ಏರಿದ ಇಎಸ್‌ಆರ್‌ನ ಹಿಂದೆ ಬಿದ್ದು ಸ್ಕ್ಯಾನಿನಿಂದ ಸ್ಕ್ಯಾನಿಗೆ ಅಲೆದವರ ದುಗುಡವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಇಎಸ್‌ಆರ್ ಮಾಡಿಸುವುದೆಂದೇ ತೀರ್ಮಾನವಾದರೆ ವಿಧಾನದಲ್ಲೂ ಆಯ್ಕೆಯಿದೆ. ವೆಸ್ಟರ್‌ಗ್ರೆನ್ ಕೊಳವೆಯ ಮೇಲೆ 200 ಮಿಲಿಮೀಟರ್‌ವರೆಗೆ ಗುರುತುಗಳಿವೆ, ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಬೆರೆಸುತ್ತಾರೆ; ಕಪ್ಪು ಮುಚ್ಚಳದ ಕೊಳವೆಯಲ್ಲಿ ರಕ್ತ ತೆಗೆದರೆ ಅದು ಇದಕ್ಕಾಗಿ. ವಿಂಟ್ರೋಬ್ ಕೊಳವೆಯಲ್ಲಿ ಗುರುತುಗಳಿರುವುದು ಅದರ ಅರ್ಧದಷ್ಟು ಉದ್ದಕ್ಕೆ, ರಕ್ತವನ್ನು ತೆಳು ಮಾಡುವುದಿಲ್ಲ, ಹೀಗಾಗಿ ಬಹಳ ಏರಿದ ಅಂಕಿಗಳನ್ನು ಅದು ಸರಿಯಾಗಿ ತೋರಿಸಲಾರದು. ಒಂದು ನಿಮಿಷದೊಳಗೆ ಫಲಿತಾಂಶ ಕೊಡುವ ಯಂತ್ರಗಳು ಕಣಗಳು ತಳಕ್ಕಿಳಿಯುವುದನ್ನು ಕಾಯುವುದೇ ಇಲ್ಲ, ಪೇರಿಕೊಳ್ಳುವ ಮೊದಲ ಹಂತವನ್ನು ಬೆಳಕಿನಿಂದ ಅಳೆದು ಗಂಟೆಯ ಅಂಕಿಯನ್ನು ಲೆಕ್ಕ ಹಾಕುತ್ತವೆ. ಕೆಲಸ ವೇಗ, ಮೇಜು ವಾಲುವ ಭಯವಿಲ್ಲ, ಆದರೆ ಅದರ ಅಂಕಿಯನ್ನು ಗಾಜಿನ ಕೊಳವೆಯ ಹಳೆಯ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬಾರದು. ಯಾವ ವಿಧಾನವೆಂದು ವರದಿಯ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಉಪವಾಸವಿರಬೇಕಾಗಿಲ್ಲ. ಮತ್ತೆ ಮಾಡಿಸುವಾಗ ಅದೇ ಪ್ರಯೋಗಾಲಯಕ್ಕೆ ಹೋಗಿ. ಸಿಆರ್‌ಪಿಯಾದರೆ ಎರಡು ಮೂರು ದಿನದ ಅಂತರ ಸಾಕು, ಇಎಸ್‌ಆರ್ ಆದರೆ ಕನಿಷ್ಠ ಎರಡು ಮೂರು ವಾರ ಬಿಡಿ. ಹಳೆಯ ವರದಿಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಹೋಗಿ, ರಕ್ತ ತೆಗೆಯುವ ಮೊದಲೇ ಅದನ್ನು ತೋರಿಸಿದರೆ ನಮ್ಮಂಥವರಿಗೆ ಯಾವ ಕೊಳವೆ ಕೈಗೆತ್ತಿಕೊಳ್ಳಬೇಕೆಂದು ಗೊತ್ತಾಗುತ್ತದೆ.